ನೀರಲ್ಲೇ ನಿಂತು ಬಾಯಾರಿದ ಪೈನ್ ಸಸಿಗಳು

ಸಸ್ಯಪಾಲನಾ ಇಲಾಖೆಯ ಮೇಲಧಿಕಾರಿಗಳಿಗೆ,

ಮಾನ್ಯರೇ ಎಂದು ಬರೆಯುವುದಕ್ಕೇ ನನಗೆ ಅರ್ಧ ದಿನ ಹಿಡಿಯಿತು. ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದವನು ನಾನು. ನಿಮ್ಮ ಕಚೇರಿಗೆ ಮೂರು ಸಲ ಬಂದೆ, "ಬರೆದು ಕೊಡಿ" ಅಂದರು. ಬರೆಸಿ ಕೊಟ್ಟರೆ "ಪರಿಶೀಲನೆಯಲ್ಲಿದೆ" ಅಂದರು. ಈ ಸಲ ಪತ್ರಿಕೆಗೇ ಬರೆದಿದ್ದೇನೆ, ಪರಿಶೀಲಿಸುವ ಕಣ್ಣುಗಳಾದರೂ ಹೆಚ್ಚಲಿ. ವಿಷಯ ಇಷ್ಟೇ: ನಿಮ್ಮ ನರ್ಸರಿಯಲ್ಲಿ ನಾನು ಸಸಿಗಳ ಕಂತೆ ಕಟ್ಟುತ್ತೇನೆ, ನನ್ನ ತಂಗಿ ಹನ್ನೊಂದು ವರ್ಷದಿಂದ ನೀರು ಹಾಕುತ್ತಾಳೆ. ಪೈನ್ ಸಸಿಗಳ ತುದಿ ಒಣಗಿತೆಂದು, ಅವಳು ನೀರೇ ಹಾಕಿಲ್ಲವೆಂದು, ಅವಳನ್ನು ಕೆಲಸದಿಂದ ತೆಗೆಯಲು ನೋಟಿಸು ಕೊಟ್ಟಿದ್ದೀರಿ.

ತಪಾಸಣೆಗೆ ಬಂದ ನಿಮ್ಮ ಸಾಹೇಬರು ಮಡಿಯ ಪಕ್ಕ ನಿಂತು "ನೀರಿನ ಅಭಾವ" ಎಂದು ಬರೆದುಕೊಂಡರು.

"ನೀರು ಹಾಕ್ತೀಯೋ, ನೆರಳಲ್ಲಿ ಕೂತು ಕಾಲ ಕಳೀತೀಯೋ?" ಎಂದು ಅವಳನ್ನು ಗದರಿದರು.

"ಸಾರ್, ಒಂದ್ಸಲ ಕಾಲೆತ್ತಿ ನೋಡಿ. ಬೂಟಿಗೆ ಹತ್ತಿರೋ ಕೆಸರು ನಿಮ್ಮನೆಯಿಂದ ತಂದಿದ್ದಾ?" ಅಂದಳು ನನ್ನ ತಂಗಿ.

ನೋಟಿಸಿನಲ್ಲಿ "ಉದ್ಧಟತನ" ಎಂಬ ಪದ ಸೇರಿದ್ದು ಹೀಗೆ. ಕೆಸರಿನ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ.

ನಾನು ನಾಲ್ಕು ಸಸಿ ಕಿತ್ತು ಮಣ್ಣು ಪರೀಕ್ಷೆಯ ಮೇಡಂ ಹತ್ತಿರ ಒಯ್ದೆ. ಬೇರು ಮೊಂಡು, ತುದಿ ಕಪ್ಪು. "ಅಜ್ಜಾ, ಮಣ್ಣಲ್ಲಿ ಬೋರಾನ್ ಅನ್ನೋ ಸತ್ವವೇ ಇಲ್ಲ" ಅಂದರು ಆಕೆ. "ಅದಿಲ್ದೆ ಬೇರಿನ ತುದಿ ಬೆಳೆಯಲ್ಲ. ಬೇರೇ ಇಲ್ದಿದ್ರೆ ಸಸಿ ಯಾವುದರಲ್ಲಿ ನೀರು ಕುಡೀಬೇಕು? ಮರಳು ಮಣ್ಣು ಬೇರೆ. ನೀರು ಹೆಚ್ಚು ಸುರಿದಷ್ಟೂ ಇರೋ ಚೂರೂ ತೊಳ್ಕೊಂಡು ಹೋಗುತ್ತೆ." ಆ ವರದಿ ನಿಮ್ಮ ಮೇಜಿಗೆ ಬಂದು ಆರು ವಾರವಾಯಿತು. ಅದನ್ನು ಓದಿ ನೀವು ಕೊಟ್ಟ ಆದೇಶವೇನು? ದಿನಕ್ಕೆರಡು ಸಲ ನೀರು ಹಾಕಿ! ನುಂಗಲಾರದವನ ಬಾಯಿಗೆ ಇನ್ನೊಂದು ಕೊಡ ಸುರಿಯುವುದು ಯಾವ ವೈದ್ಯ ಸ್ವಾಮೀ?

ಮೇಡಂ ಐದನೇ ಮಡಿಗೆ ತೂಕ ಮಾಡಿ ಚಿಟಿಕೆಯಷ್ಟು ಬೋರಾನ್ ಪುಡಿ ನೀರಲ್ಲಿ ಕರಗಿಸಿ ಹಾಕಿಸಿದರು. ತಿಂಗಳಲ್ಲಿ ಬಿಳಿ ಬೇರು ಬಂತು, ತುದಿ ನೆಟ್ಟಗಾಯಿತು. ಆ ಮಡಿಗೂ ನೀರು ಹಾಕಿದವಳು ನನ್ನ ತಂಗಿಯೇ, ಅದೇ ಪೈಪಿನಿಂದ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಐದನೇ ಮಡಿ ಚೇತರಿಸಿದ್ದು ನೋಡಿ ನನ್ನ ತಲೆ ತಿರುಗಿತು. ಚಿಟಿಕೆಗೇ ಇಷ್ಟಾದರೆ ಹಿಡಿಗೆ ಎಷ್ಟಾಗಬಹುದು ಎಂದು, ಯಾರನ್ನೂ ಕೇಳದೆ, ಏಳನೇ ಮಡಿಗೆ ಒಂದು ಹಿಡಿ ಸುರಿದೆ. ಸೂಜಿಯೆಲೆಗಳ ತುದಿಯೆಲ್ಲ ಸುಟ್ಟು ಕಂದು ಬಣ್ಣವಾಯಿತು. ಮೇಡಂ ನನಗೆ ಉಗಿದ ಉಗಿತ ಇಲ್ಲಿ ಬರೆಯಲಾಗದು. ನಿಮ್ಮ ಸಾಹೇಬರು ಬಂದು ಅದನ್ನೂ ನೋಡಿದರು. ಏನು ಬರೆದರು ಗೊತ್ತೇ? "ನೀರಿನ ಅಭಾವ." ಅದೂ ನನ್ನ ತಂಗಿಯ ಲೆಕ್ಕಕ್ಕೇ ಸೇರಿತು. ಬೋರಾನ್ ಇಲ್ಲದೆ ಒಣಗಿದ್ದಕ್ಕೂ, ಹೆಚ್ಚಾಗಿ ಸುಟ್ಟಿದ್ದಕ್ಕೂ ನಿಮ್ಮಲ್ಲಿ ರೋಗ ಒಂದೇ, ಔಷಧಿಯೂ ಒಂದೇ: ನನ್ನ ತಂಗಿಯನ್ನು ಮನೆಗೆ ಕಳಿಸುವುದು.

ಅವಳ ವಿಚಾರಣೆ ಇಪ್ಪತ್ತೈದಕ್ಕೆ. ಅಣ್ಣ ಮಾಡಿದ ತಪ್ಪಿಗೆ ಅವಳು ಕೈಕಟ್ಟಿ ನಿಲ್ಲುವುದನ್ನು ನಾನು ನೋಡಲಾರೆ. ಅವಳ ನೋಟಿಸು ವಾಪಸು ಪಡೆಯಿರಿ. ಏಳನೇ ಮಡಿಗೆ ನನ್ನ ಹೆಸರಿಗೆ ಬೇರೆ ನೋಟಿಸು ಕಳಿಸಿ, ಸಹಿ ಹಾಕಿ ಪಡೆಯುತ್ತೇನೆ. ಎರಡಕ್ಕೂ ಇಪ್ಪತ್ತನೇ ತಾರೀಖಿನೊಳಗೆ ಲಿಖಿತ ಉತ್ತರ ಬೇಕು.

ಇಂತಿ,
ಒಂದು ಮಡಿ ಸುಟ್ಟವನು, ನೀರು ಹಾಕುವವಳ ಅಣ್ಣ