ವಾಪಸ್ ಹೋದ ಹನ್ನೊಂದು ಚೀಲಗಳು

ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದ.

ಏಳನೇ ಕ್ಲಾಸಿನಲ್ಲಿ ಇಡೀ ಊರಿಗೇ ಮೊದಲು ಬಂದವನು ನಾನು. ಪರೀಕ್ಷೆಗೆ ಕೂತವರು ಮೂವರೇ ಅನ್ನುವುದು ಬೇರೆ ಮಾತು. ಅಂಥ ಬುದ್ಧಿವಂತ ಮಾಡಿದ ಕೆಲಸ ಕೇಳು.

ನಿನ್ನ ಆನ್‌ಲೈನ್ ಅಂಗಡಿಗೆ ಆರ್ಡರೇ ಇಲ್ಲವೆಂದು ನೀನು ಮುಖ ಸಪ್ಪಗೆ ಮಾಡಿಕೊಂಡಿದ್ದೆಯಲ್ಲ, ಮರುದಿನವೇ ಕ್ಷೌರದಂಗಡಿಯಲ್ಲಿ ಕೂತವರಿಂದ ನೀನು ಹೊಲಿದ ಹನ್ನೊಂದು ಚೀಲ ಆರ್ಡರ್ ಮಾಡಿಸಿದೆ. "ಬಂದಾಗ ಬೇಡ ಅಂತ ವಾಪಸ್ ಕಳಿಸ್ರಪ್ಪಾ. ಆರ್ಡರ್ ಜಾಸ್ತಿ ಕಾಣುತ್ತೆ, ಚೀಲಾನೂ ಅವಳಿಗೇ ಸಿಗುತ್ತೆ," ಅಂದೆ.

"ಇಷ್ಟು ವರ್ಷ ನಿಮ್ಮ ತಲೇಲಿ ಬರೀ ಕೂದಲಿದೆ ಅನ್ಕೊಂಡಿದ್ದೆ ಯಜಮಾನ್ರೇ!" ಅಂದ ಕ್ಷೌರದವನು. ನಾನು ಉಬ್ಬಿಹೋದೆ.

ವಾಪಸ್ ಬಂದದ್ದು ಹೆಚ್ಚಾಯಿತೆಂದು ಆ ಆನ್‌ಲೈನ್ ಕಂಪನಿಯವರು ನಿನ್ನ ಅಂಗಡಿಯನ್ನೇ ಮುಚ್ಚಿಸುತ್ತಾರೆಂದು ನನಗೇನು ಗೊತ್ತು? ನೀನು ಅಳುತ್ತಾ ಬಂದು, "ಯಾರು ಮಾವ ಈ ಪಾಪಿಗಳು?" ಅಂದಾಗ ನಿನಗಿಂತ ಜೋರಾಗಿ ನಾನೇ ಅವರನ್ನು ಬೈದೆ. ಆ ಬೈಗುಳವೆಲ್ಲ ನನಗೇ ಸಲ್ಲಬೇಕು.

ಎಲ್ಲರ ಸಹಿ ಹಾಕಿಸಿದ ತಪ್ಪೊಪ್ಪಿಗೆ ಇದರ ಜೊತೆಗಿದೆ, ಕಂಪನಿಗೆ ಕಳಿಸು. ಇದರಲ್ಲೂ ಮೊದಲ ಹೆಸರು ನನ್ನದೇ.

ಭಾನುವಾರ ಬರುತ್ತೇನೆ. ಅಕ್ಕನ ಮುಂದೆ ನಾನೇ ಬಾಯಿಬಿಟ್ಟು ಹೇಳಬೇಕು. ನೀನು ಮೊದಲೇ ಹೇಳಿ ನನ್ನನ್ನು ಉಳಿಸಬೇಡ.

ನಿನ್ನ
ಬುದ್ಧಿವಂತ ಮಾವ