ಆ ಟ್ರೇಲರ್ ನಮ್ಮದು, ಎವರಾರ್ದೋ

ಕಂಪಾದ್ರೆ ಎವರಾರ್ದೋ,

ಜೈಲಿನಲ್ಲಿರುವವನಿಗೆ ಕ್ಷೇಮವೇ ಎಂದು ಕೇಳುವಷ್ಟು ತಾಳ್ಮೆ ನನಗಿಲ್ಲ. ಸಿಟ್ಟು ನೆತ್ತಿಗೇರಿದೆ. "ಬ್ರೇಕ್ ನೋಡ್ದೆ ಹೊರಟೆ, ತಪ್ಪು ನಂದೇ" ಎಂದು ಪೊಲೀಸರಿಗೆ ಬರೆದುಕೊಟ್ಟೆಯಂತೆ. ಯಾರು ಕೇಳಿದ್ದರು ನಿನ್ನನ್ನು? ಜ್ಞಾನಸ್ನಾನದ ದಿನ ನಿನ್ನ ಮಗಳನ್ನು ಎತ್ತಿ ಹಿಡಿದು ಅವಳಿಗೆ ಜ್ಞಾನಪಿತ, ನಿನಗೆ ಕಂಪಾದ್ರೆ ಆದವನು ನಾನು, ನಿಜ. ಅದಕ್ಕೆ ನನ್ನ ಪಾಪವನ್ನೂ ನೀನೇ ಹೊರಬೇಕೆಂದು ಯಾವ ಪಾದ್ರಿ ಹೇಳಿಕೊಟ್ಟ?

ಗಡಿಯ ಅಮೆರಿಕದ ಕಡೆ, ಲರೇಡೊದ ಈ ಲಾರಿ ಯಾರ್ಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಲಾರಿಗಳ ಹಿಂದೆ ಕಟ್ಟುವ ಟ್ರೇಲರುಗಳ ತಪಾಸಣೆ ನನ್ನದು. ಇತ್ತೀಚಿನವರೆಗೂ ಮೆಕ್ಸಿಕೋ ಲಾರಿಗಳು ಗಡಿಯ ಸೇತುವೆ ದಾಟಿ ಇಲ್ಲಿಗೆ ಬಂದು ವಾಪಸಾಗುತ್ತಿದ್ದವು, ಮುಂದಿನ ದಾರಿ ನಮ್ಮ ಲಾರಿಗಳದು. ಹಾಗಾಗಿ ಸೇತುವೆ ದಾಟುವ ಟ್ರೇಲರುಗಳ ಕೆಳಗೆ ನುಗ್ಗಿ ಯಾರೂ ನೋಡುತ್ತಿರಲಿಲ್ಲ. ನಾಲ್ಕು ಮೈಲಿ ತಾನೇ ಎಂದು ಚಕ್ರಕ್ಕೊಂದು ಒದೆ ಕೊಟ್ಟು ಸಹಿ ಹಾಕುತ್ತಿದ್ದೆವು. ನಿಮ್ಮ ಲಾರಿಗಳಿಗೂ ಇಲ್ಲಿನ ಹೆದ್ದಾರಿ ತೆರೆದ ಮೇಲೂ ನಾನು ಅದೇ ಒದೆ ಕೊಟ್ಟೆ, ಅದೇ ಸಹಿ ಹಾಕಿದೆ.

"ಸಾನ್ ಆಂಟೋನಿಯೋವರೆಗೂ ಹೋಗ್ಬೇಕು ಕಂಪಾದ್ರೆ, ನೂರೈವತ್ತು ಮೈಲಿ, ಒಂದ್ಸಲ ಟ್ರೇಲರ್ ಕೆಳಗೆ ಇಣುಕು ಮಾರಾಯ" ಅಂದೆ ನೀನು.

"ಇಷ್ಟು ವರ್ಷ ಲಾರಿ ಓಡ್ಸಿ ಇಂಥಾ ಪುಕ್ಕಲ ಆದ್ಯಲ್ಲೋ, ಹೋಗೋ ಹೋಗು" ಎಂದು ನಾನು ನಕ್ಕೆ. ನೀನೂ ನಕ್ಕು ಹೊರಟುಬಿಟ್ಟೆ. ನನ್ನ ಮಾತು ಕೇಳಿಕೊಂಡು ಹೋದೆಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ಎರಡು ಗಂಟೆಯ ನಂತರ ಮುಂದಿನ ಕಾರುಗಳು ನಿಂತವು, ನಿನ್ನ ಗಾಡಿ ನಿಲ್ಲಲಿಲ್ಲ. ಅದು ಗುದ್ದಿದ ಕಾರಿನಲ್ಲಿದ್ದ ವರ್ನಾ ಕೆಲ್ಸೋ ಎಂಬ ಹೆಂಗಸು ಸತ್ತಳು.

ಭಾನುವಾರ ಊರಿನ ಸಭೆ ಸೇರಿತ್ತು. "ಅವ್ರ ಗಾಡಿಗಳನ್ನ ಒಳಗೆ ಬಿಡ್ಬೇಡಿ ಅಂತ ಮೊದ್ಲೇ ಬಡ್ಕೊಂಡೆ" ಎಂದು ನಮ್ಮ ಯಾರ್ಡಿನ ಯಜಮಾನ ಮೇಜು ಗುದ್ದಿದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ ಕಣೋ, ನಾಚಿಕೆಗೆಟ್ಟವನು! ಜನರ ಭಯ ಸುಳ್ಳಲ್ಲ, ಒಂದು ಜೀವ ಹೋಗಿದೆ. ಆದರೆ ನಿನ್ನ ಲಾರಿಯ ಬ್ರೇಕು ಸರಿಯಾಗೇ ಇತ್ತು. ಸವೆದು ಹೋಗಿದ್ದದ್ದು ಟ್ರೇಲರಿನದು, ಆ ಟ್ರೇಲರ್ ನಮ್ಮದು, ಈ ಯಾರ್ಡಿನದು. ಯಜಮಾನನಿಗೂ ಅದು ಗೊತ್ತು. ಕೊನೆಗೆ ವರ್ನಾಳ ಗಂಡ ಎದ್ದು ನಿಂತ. "ಹೊರಡೋಕೆ ಮುಂಚೆ ಆ ಗಾಡೀನ ಯಾರೂ ನೋಡ್ಲೇ ಇಲ್ವಾ?" ಎಂದಷ್ಟೇ ಕೇಳಿ ಕೂತ. ಮೂರನೇ ಸಾಲಿನಲ್ಲಿದ್ದ ನಾನು ಎದ್ದು ಹಿಂಬಾಗಿಲಿನಿಂದ ಮನೆಗೆ ಬಂದೆ.

ನಿನ್ನೆ ಅವನ ಮನೆಗೆ ಹೋದೆ. "ನೋಡ್ಬೇಕಾದವ್ನು ನಾನು. ನೋಡ್ಲಿಲ್ಲ" ಅಂದೆ. ಅವನು ಬಯ್ಯಲಿಲ್ಲ, ಬಾಗಿಲು ಹಾಕಿಕೊಂಡ. ಅಲ್ಲಿಂದ ನೇರ ಪೊಲೀಸರ ಹತ್ತಿರ ಹೋಗಿ ಎಲ್ಲವನ್ನೂ ಬರೆದುಕೊಟ್ಟೆ. ಈಗ ನೀನು ನಿನ್ನ ಸುಳ್ಳು ಹೇಳಿಕೆ ವಾಪಸು ತಗೋ. ಇಲ್ಲದಿದ್ದರೆ ಈ ಜನ್ಮದಲ್ಲಿ ನನ್ನನ್ನು ಕಂಪಾದ್ರೆ ಎಂದು ಕರೆಯಬೇಡ.

ದೇವಮಾತೆ ನಿನ್ನನ್ನು ಬೇಗ ಮನೆ ಸೇರಿಸಲಿ. ನನಗಾಗಿ ಅವಳಲ್ಲಿ ಏನೂ ಬೇಡಬೇಡ.

ನೋಡದೆ ಸಹಿ ಹಾಕಿದವನು,
ನಿಕಾಂದ್ರೊ