ಒಂದು ಪೆಪ್ಪರ್‌ಮಿಂಟಿಗೆ ಹೋದ ನನ್ನ ಮತ

ಲಾರೆಲ್ಟನ್ ಕೌಂಟಿಯ ಚುನಾವಣಾ ಮೇಲ್ವಿಚಾರಕರ ಸನ್ನಿಧಿಗೆ

ಮಾನ್ಯರೇ,

ಈ ಶುಕ್ರವಾರ, ಮುಂಚಿತ ಮತದಾನದ ಕೊನೆಯ ದಿನ, ನಿಮ್ಮ ಕಚೇರಿಯ ಮುಂದೆ ಆರು ಗಂಟೆ ನಿಂತೆ. ಮತ ಹಾಕದೆ ಮನೆಗೆ ಹೋದೆ. ಕಾರಣ, ಒಂದು ಪೆಪ್ಪರ್‌ಮಿಂಟು. ನಗು ಬಂದರೆ ನಕ್ಕುಬಿಡಿ, ನನಗೂ ಮೊದಲು ನಗುವೇ ಬಂದಿತ್ತು.

"ಉದ್ದನೆಯ ಸಾಲು ಜನರ ಉತ್ಸಾಹದ ಗುರುತು" ಎಂದು ನೀವು ನಮ್ಮೂರ ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದೀರಿ. ಎಂಥ ಮಾತು ಹೇಳಿದಿರಿ ಸ್ವಾಮಿ! ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿದರೆ ಅದು ಕಾಯಿಲೆಯ ಮೇಲಿನ ಉತ್ಸಾಹವೇ? ಸಾಲಿನ ವಿಷಯದಲ್ಲಿ ನನಗೆ ಪಾಠ ಹೇಳಬೇಡಿ. ಇದೇ ಕೌಂಟಿಯ ಪ್ರಾಥಮಿಕ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಬಡಿಸಿದವಳು ನಾನು. ನಾನೂರ ಇಪ್ಪತ್ತು ಮಕ್ಕಳು, ನಲವತ್ತು ನಿಮಿಷ. ಊಟದ ಕೋಣೆಯ ಗೋಡೆಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ನೇತುಹಾಕಿದ್ದರು. ಸಾಲು ಅದನ್ನು ದಾಟಿತೆಂದರೆ ನಾನು ಎರಡನೆಯ ಕಿಟಕಿ ತೆಗೆಯುತ್ತಿದ್ದೆ. ಅದಕ್ಕೆ ಸಭೆ ಕರೆಯಲಿಲ್ಲ, ಮಕ್ಕಳ ಹಸಿವನ್ನು ಉತ್ಸಾಹವೆಂದು ಹೊಗಳಲೂ ಇಲ್ಲ. ಕಿಟಕಿ ತೆಗೆಯುತ್ತಿದ್ದೆ, ಅಷ್ಟೆ.

ಶುಕ್ರವಾರ ಬಾಗಿಲು ತೆರೆದಾಗಲೆಲ್ಲ ಒಳಗೆ ಇಣುಕಿ ನೋಡಿದೆ. ಹತ್ತು ಮತಯಂತ್ರಗಳಿದ್ದವು, ಎಂಟು ಖಾಲಿ. ಹೆಸರು ಪರಿಶೀಲಿಸುವ ಮೇಜು ಮಾತ್ರ ಒಂದೇ ಒಂದು. ಅಡುಗೆ ಆಗಿದೆ, ಬಡಿಸುವವರು ಸೌಟು ಹಿಡಿದು ನಿಂತಿದ್ದಾರೆ, ತಟ್ಟೆ ಕೊಡುವವಳು ಒಬ್ಬಳೇ. ಹೊರಗೆ ಇನ್ನೂರು ಜನ. ಇದನ್ನು ಕಾಣಲು ದೊಡ್ಡ ಓದು ಬೇಕೇ? ಗೋಡೆಗೆ ಒರಗಿಸಿಟ್ಟಿದ್ದ ಮಡಚುವ ಮೇಜೊಂದು ನನ್ನ ಕಣ್ಣಿಗೇ ಬಿತ್ತು. ಅದನ್ನು ಬಿಡಿಸಿಡಲು ನಿಮಗೆ ಯಾವ ಕಾನೂನು ಅಡ್ಡ ಬಂತು?

ಬೇರೆ ದಿನ ಬರಬಹುದಿತ್ತಲ್ಲ ಎನ್ನುತ್ತೀರಿ. ಕೇಳಿ. ನನ್ನ ಎರಡೂ ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಾಯಿತು. ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ವ್ಯಾನು ಬರುತ್ತದೆ, ಮನೆ ಮುಟ್ಟಿಸುವಾಗ ಸಂಜೆ ಏಳು ದಾಟಿರುತ್ತದೆ. ನೀವು ಚುನಾವಣೆ ಇಟ್ಟುಕೊಂಡಿರುವುದು ಮಂಗಳವಾರ. ಅಂಚೆ ಮತಕ್ಕೆ ಸೆಪ್ಟೆಂಬರಿನಲ್ಲೇ ಅರ್ಜಿ ಹಾಕಿದ್ದೆ. ಯಾವುದೋ ಸಂಖ್ಯೆ ಬರೆದಿಲ್ಲವೆಂದು ಅದು ವಾಪಸು ಬಂದಾಗ ಗಡುವು ಮುಗಿದಿತ್ತು. ನಡೆದು ಹೋಗುವಷ್ಟು ದೂರದಲ್ಲಿದ್ದ ಗ್ರಂಥಾಲಯದ ಮತಗಟ್ಟೆಯನ್ನು ಈ ಸಲ ಮುಚ್ಚಿದಿರಿ, ಉಳಿದ ದಿನಗಳಲ್ಲಿ ನಿಮ್ಮ ಕಚೇರಿಯವರೆಗೆ ಕರೆತರಲು ನನಗೆ ಯಾರೂ ಸಿಗಲಿಲ್ಲ. ಭಾನುವಾರದ ಮತದಾನವನ್ನೂ ರದ್ದು ಮಾಡಿದಿರಿ.

ಆ ಭಾನುವಾರಗಳು ನಮ್ಮ ಪಾಲಿಗೆ ಏನಾಗಿದ್ದವು ಎಂದು ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಗೊತ್ತೇ? ಚರ್ಚಿನ ಆರಾಧನೆ ಮುಗಿಸಿ, ತಲೆಯ ಹ್ಯಾಟು ಕೂಡ ತೆಗೆಯದೆ, ಎರಡು ವ್ಯಾನು ತುಂಬ ಹಾಡುತ್ತ ಮತಗಟ್ಟೆಗೆ ಹೋಗುತ್ತಿದ್ದೆವು. ನನ್ನ ಗಂಡ ಲೆಮ್ ಸಾಲಿನಲ್ಲಿ ನಿಂತು ನನ್ನನ್ನು ವ್ಯಾನಿನೊಳಗೆ ಕೂರಿಸುತ್ತಿದ್ದ. "ನೀನು ಕೂತ್ಕೊಳೇ. ನಿನ್ ಜಾಗ ಎಲ್ಲೂ ಓಡಿ ಹೋಗಲ್ಲ, ನಾನ್ ಹಿಡ್ಕೊಂಡಿರ್ತೀನಿ," ಎನ್ನುತ್ತಿದ್ದ. ಲೆಮ್ ತೀರಿಕೊಂಡು ಎರಡು ವರ್ಷ. ನಮಗೆ ಮಕ್ಕಳಿಲ್ಲ. ಅಂದು ಜೊತೆಯಲ್ಲಿ ಹಾಡಿದ ಹೆಂಗಸರಲ್ಲಿ ಈಗ ಉಳಿದವರು ನಾಲ್ವರು, ಅವರಲ್ಲಿ ಇಬ್ಬರಿಗೆ ನನ್ನ ಗುರುತು ಸಿಗುವುದಿಲ್ಲ.

ಶುಕ್ರವಾರ ನಮ್ಮ ಚರ್ಚಿನ ಹಿರಿಯರೊಬ್ಬರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಹತ್ತೂಕಾಲಿಗೆ ನನ್ನನ್ನು ಇಳಿಸಿ ಹೋದರು. ನಾಚಿಕೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಮೊದಲ ಎರಡು ಗಂಟೆ ನನಗೆ ಆ ಸಾಲು ಬೇಸರವೇ ಆಗಲಿಲ್ಲ. ಈಸ್ಟರ್ ಹಬ್ಬದಿಂದೀಚೆಗೆ ನಾನು ಅಷ್ಟು ಮಾತಾಡಿರಲಿಲ್ಲ. ನನ್ನ ಮುಂದೆ ಹೋರೇಸ್ ಡಗಿನ್ಸ್ ಎಂಬ ಎಂಬತ್ತೊಂದರ ಮುದುಕರು, ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದವರು, ಮೆಥಡಿಸ್ಟ್ ಚರ್ಚಿನವರು. ಹಿಂದೆ ಕ್ವಿಯಾನಾ ಎಂಬ ಹೆಂಗಸು, ಕೋಳಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ರಬ್ಬರ್ ಬೂಟಿನಲ್ಲೇ ಬಂದಿದ್ದಳು.

"ನಿಮ್ ಬ್ಯಾಪ್ಟಿಸ್ಟ್‌ನೋರು ಇಷ್ಟೊತ್ತು ನಿಂತಿದ್ದು ನಾನು ನೋಡೇ ಇಲ್ಲ ಬಿಡಿ," ಎಂದರು ಡಗಿನ್ಸ್. "ಆ ಕಡೆ ತುದೀಲಿ ಹುರಿದ ಕೋಳಿ ಇದೆ ಅಂತ ಯಾರಾದ್ರೂ ಸುಳ್ಳು ಹೇಳಿದ್ರಾ?"

"ಇದ್ದಿದ್ರೆ ನಿಮ್ ಮೆಥಡಿಸ್ಟ್‌ನೋರು ನಿನ್ನೇನೇ ಬಂದು ಖಾಲಿ ಮಾಡಿರ್ತಿದ್ರು," ಎಂದೆ.

"ಕೋಳಿ ಮಾತು ಬೇಡ ಕಣ್ರೀ, ನಿಮ್ ಕಾಲಿಗೆ ಬೀಳ್ತೀನಿ," ಎಂದಳು ಕ್ವಿಯಾನಾ. "ರಾತ್ರಿಯೆಲ್ಲಾ ಅದ್ರ ಕಾಲು ಕತ್ತರಿಸಿ ಬಂದಿದೀನಿ."

ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ನನಗೆ ಹೀಗೆ ನಗುವ ಅವಕಾಶ ಸಿಗುವುದಿಲ್ಲ.

ಮಧ್ಯಾಹ್ನ ಒಂದು ಗಂಟೆ ದಾಟುವಾಗ ಮಾತು ನಿಂತಿತು. ಮೂರಕ್ಕೆ ಜನ ಕಾಲು ಬದಲಿಸುವುದನ್ನೂ ಬಿಟ್ಟಿದ್ದರು. ನನ್ನ ಪುಣ್ಯ, ದಿನಕ್ಕೆ ನಾಲ್ಕು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ವೈದ್ಯರು ಮೊದಲೇ ಕಟ್ಟುಮಾಡಿದ್ದಾರೆ. ಸಾಲಿನಲ್ಲಿ ನಿಂತವರಿಗೆ ಯಾರೂ ನೀರು ಕೊಡಬಾರದೆಂಬ ನಿಮ್ಮ ನಿಯಮಕ್ಕೆ ಈ ಕೌಂಟಿಯಲ್ಲಿ ತಕ್ಕ ಪ್ರಜೆ ನಾನೊಬ್ಬಳೇ ಇರಬೇಕು. ಬಾಯಾರಿಕೆ ತಡೆಯಲು ನಾವು ಡಯಾಲಿಸಿಸ್‌ನವರು ಪೆಪ್ಪರ್‌ಮಿಂಟು ಚೀಪುತ್ತೇವೆ. ನನಗಂತೂ ಅದು ರೋಗಕ್ಕಿಂತ ಹಳೆಯ ಅಭ್ಯಾಸ. ನಮ್ಮ ಚರ್ಚಿನಲ್ಲಿ ವಯಸ್ಸಾದ ಹೆಂಗಸರ ಕೈಚೀಲದಲ್ಲಿ ಬೈಬಲ್ಲಿನ ಪಕ್ಕ ಪೆಪ್ಪರ್‌ಮಿಂಟು ಇದ್ದೇ ಇರುತ್ತದೆ. ಬೆಂಚಿನಲ್ಲಿ ಯಾರಾದರೂ ಕೆಮ್ಮಿದರೆ, ಯಾವ ಮಗುವಾದರೂ ಕೊಸರಾಡಿದರೆ, ತಿರುಗಿ ಕೂಡ ನೋಡದೆ ಒಂದನ್ನು ಆ ಕಡೆ ದಾಟಿಸುತ್ತೇವೆ. ಐವತ್ತು ವರ್ಷದಿಂದ ನನ್ನ ಕೈ ಅದನ್ನು ತಾನಾಗಿಯೇ ಮಾಡುತ್ತದೆ.

ನಾಲ್ಕು ಗಂಟೆಗೆ ನನ್ನ ಮುಂದೆ ಮೂವತ್ತು ಜನರಿದ್ದರು. ಡಗಿನ್ಸ್ ಕೆಮ್ಮತೊಡಗಿದರು. ಒಣ ಕೆಮ್ಮು, ನಿಲ್ಲಲೇ ಇಲ್ಲ, ಅವರು ಗೋಡೆ ಹಿಡಿದುಕೊಂಡರು. ನನ್ನ ಕೈ ಚೀಲಕ್ಕೆ ಹೋಯಿತು. ಕಾಗದ ಬಿಡಿಸಿ ಒಂದು ಪೆಪ್ಪರ್‌ಮಿಂಟು ಅವರ ಅಂಗೈಯಲ್ಲಿಟ್ಟೆ. ಅವರು ಬಾಯಿಗೆ ಹಾಕಿಕೊಂಡರು. ಕೆಮ್ಮು ನಿಂತಿತು.

ಕಿತ್ತಳೆ ಬಣ್ಣದ ಜಾಕೆಟ್ ಹಾಕಿಕೊಂಡಿದ್ದ ನಿಮ್ಮ ಸಿಬ್ಬಂದಿ ಡಾರ್ಲಾ ಓಡಿಬಂದಳು. ಡಾರ್ಲಾಗೆ ಈಗ ನಲವತ್ತೈದು. ಅವಳು ಎರಡನೆಯ ತರಗತಿಯಲ್ಲಿದ್ದಾಗ ಬಟಾಣಿ ಮುಟ್ಟುತ್ತಿರಲಿಲ್ಲ, ಅವಳಿಗೆ ಮಾತ್ರ ನಾನು ಮ್ಯಾಕರೋನಿ ಎರಡು ಸೌಟು ಹಾಕುತ್ತಿದ್ದೆ.

"ಮಿಸ್ ಅರ್ನೆಸ್ಟೀನ್, ಅವರಿಗೆ ಏನ್ ಕೊಟ್ರಿ?"

"ಪೆಪ್ಪರ್‌ಮಿಂಟು ಕಣಮ್ಮಾ. ನಿಂಗೂ ಬೇಕಾ?"

"ಅಯ್ಯೋ ದೇವರೇ! ಸಾಲಲ್ಲಿ ಇರೋರಿಗೆ ತಿನ್ನೋಕೆ ಏನೂ ಕೊಡೋ ಹಾಗಿಲ್ಲ. ಬೋರ್ಡ್ ನೋಡ್ಲಿಲ್ವಾ? ಕಂಡಿದ್ದನ್ನ ವರದಿ ಮಾಡದೆ ಇದ್ರೆ ನನ್ ಕೆಲಸ ಹೋಗತ್ತೆ. ಈ ಕಡೆ ಬನ್ನಿ, ಒಂದು ಫಾರಂ ತುಂಬಬೇಕು. ಹತ್ತೇ ನಿಮಿಷ."

"ಹೋಗಿ ಬನ್ನಿ ಮಿಸ್ ಅರ್ನೆಸ್ಟೀನ್, ನಿಮ್ ಜಾಗ ನಾನು ಹಿಡ್ಕೊಂಡಿರ್ತೀನಿ," ಎಂದಳು ಕ್ವಿಯಾನಾ.

ಎರಡು ವರ್ಷದ ಮೇಲೆ ಆ ಮಾತು ಕೇಳಿದೆ, ಮಾನ್ಯರೇ.

"ಹಾಗೆಲ್ಲಾ ಜಾಗ ಹಿಡಿಯೋ ಹಾಗಿಲ್ಲ," ಎಂದಳು ಡಾರ್ಲಾ, ನೆಲ ನೋಡುತ್ತ. "ಹೊಸ ಸುತ್ತೋಲೆ ಬಂದಿದೆ. ಸಾಲು ಬಿಟ್ಟೋರು ಮತ್ತೆ ಕೊನೇಲೇ ನಿಲ್ಲಬೇಕು."

"ನೀವೇ ಕರೀತಾ ಇದೀರ, ನೀವೇ ಸಾಲು ಬಿಟ್ರು ಅಂತೀರ? ಎಂಥ ನ್ಯಾಯ ರೀ ಇದು?" ಎಂದು ಕ್ವಿಯಾನಾ ಕೂಗಾಡಿದಳು. ಡಗಿನ್ಸ್ ಬಾಯಿಂದ ಪೆಪ್ಪರ್‌ಮಿಂಟನ್ನು ಹೊರತೆಗೆದು, "ತಗೊಳಮ್ಮಾ, ವಾಪಸ್ ಇಟ್ಕೋ. ಈಗಾದ್ರೂ ಆ ಹೆಂಗಸನ್ನ ನಿಲ್ಲೋಕೆ ಬಿಡು," ಎಂದರು. ಯಾರೂ ನಗಲಿಲ್ಲ.

ಹತ್ತು ನಿಮಿಷ ಎಂದದ್ದು ಎಷ್ಟಾಯಿತು ಗೊತ್ತೇ? ಫಾರಂ ಸಿಗಲಿಲ್ಲ. ಸಿಕ್ಕಿತು, ಹಳೆಯದಾಗಿತ್ತು. ಹೊಸದನ್ನು ಅಚ್ಚು ಹಾಕುವ ಯಂತ್ರದಲ್ಲಿ ಕಾಗದ ಸಿಕ್ಕಿಹಾಕಿಕೊಂಡಿತು. "ಕೊಟ್ಟ ಆಹಾರದ ಪ್ರಮಾಣ" ಎಂಬ ಜಾಗದಲ್ಲಿ ನಾನೇ "ಒಂದು" ಎಂದು ಬರೆದೆ. ಸಹಿ ಮಾಡಿ ಹೊರಬಂದಾಗ ಐದು ಗಂಟೆ ಆರು ನಿಮಿಷ. ಮತದಾನದ ಹೊತ್ತು ಮುಗಿಯುವ ಐದಕ್ಕೆ ಸರಿಯಾಗಿ ಒಬ್ಬ ಪೊಲೀಸು ಸಾಲಿನ ತುದಿಯಲ್ಲಿ ಬಂದು ನಿಂತಿದ್ದ. ಅವನ ಹಿಂದೆ ಯಾರೂ ನಿಲ್ಲುವಂತಿರಲಿಲ್ಲ. ಸೌಜನ್ಯದ ಮನುಷ್ಯ, ಟೋಪಿ ತೆಗೆದು ಕ್ಷಮೆ ಕೇಳಿದ. ನನ್ನ ಚೀಲ ಹಿಡಿದುಕೊಂಡು ಮೆಟ್ಟಿಲಿಳಿಸಿದ.

ಇದನ್ನು ಮತದಾರರನ್ನು ಹತ್ತಿಕ್ಕುವುದು ಎನ್ನಬೇಕೋ ಬೇಡವೋ ಎಂದು ದೊಡ್ಡವರೆಲ್ಲ ಟೀವಿಯಲ್ಲಿ ಕೂತು ಜಗಳವಾಡುತ್ತಿದ್ದಾರೆ. ನನ್ನ ನೆರೆಮನೆಯ ಮಹಾಶಯರೂ ಬೇಲಿಯಾಚೆಯಿಂದ ಕೇಳಿದರು: "ನಿಮ್ಮನ್ನ ಯಾರು ತಡೆದ್ರು ಹೇಳಿ? ನಿಯಮ ಎಲ್ರಿಗೂ ಒಂದೇ ಅಲ್ವಾ?" ಕೆಟ್ಟವರಲ್ಲ ಅವರು, ನನ್ನ ಕಸದ ಡಬ್ಬಿಯನ್ನು ರಸ್ತೆಗೆ ಎಳೆದಿಡುವವರು ಅವರೇ. ಅವರ ತಂಗಿ ಸರೋವರದ ಬದಿಯ ಮತಗಟ್ಟೆಯಲ್ಲಿ ಹನ್ನೊಂದು ನಿಮಿಷದಲ್ಲಿ ಮತ ಹಾಕಿ ಬಂದಳಂತೆ. ಅಲ್ಲಿ ಮೂರು ಮೇಜು. ಅದು ನಮ್ಮಿಂದ ಇಪ್ಪತ್ತೆರಡು ಮೈಲಿ, ಬಸ್ಸಿಲ್ಲ, ಲೆಮ್‌ನ ಕಾರು ಓಡಿಸುವಷ್ಟು ಕಣ್ಣು ನನಗಿಲ್ಲ. ಹೌದು, ನಿಯಮ ಒಂದೇ. ಮೇಜು ಮಾತ್ರ ಅಲ್ಲಿ ಮೂರು, ಇಲ್ಲಿ ಒಂದು. ನೀವು ಬೇಕೆಂದೇ ಹೀಗೆ ಮಾಡಿದಿರಿ ಎಂದು ನಾನು ಆಣೆಯಿಟ್ಟು ಹೇಳಲಾರೆ. ಆದರೆ ನನ್ನ ಕಿಟಕಿಯ ಮುಂದೆ ಹಸಿದು ನಿಂತ ಮಗು ಯಾವತ್ತೂ ನನ್ನ ಉದ್ದೇಶವೇನೆಂದು ಕೇಳಲಿಲ್ಲ.

ನಮ್ಮ ಕಪ್ಪು ಜನರ ಹೆಸರು ಮತದಾರರ ಪಟ್ಟಿಗೆ ಸೇರದಂತೆ ಪರೀಕ್ಷೆ ಒಡ್ಡುತ್ತಿದ್ದ ಕಾಲದಲ್ಲಿ ನನ್ನ ತಾಯಿಯನ್ನು ನಿಮ್ಮ ಈಗಿನ ಕಟ್ಟಡದಲ್ಲೇ ಒಬ್ಬ ಗುಮಾಸ್ತ ತಡೆದಿದ್ದ. ಸಂವಿಧಾನದ ಒಂದು ಪುಟ ಕೊಟ್ಟು, ಓದಿ ಅರ್ಥ ಹೇಳು ಎಂದಿದ್ದನಂತೆ. ಅಮ್ಮ ಹೇಳಿದಳು. ತಪ್ಪು ಎಂದನಂತೆ. ಅವನ ಮೀಸೆ, ಅವನ ಕೈಬೆರಳಿನ ಉಂಗುರ, ಎಲ್ಲವೂ ಅಮ್ಮನಿಗೆ ಸಾಯುವವರೆಗೂ ನೆನಪಿತ್ತು. ಊಟಕ್ಕೆ ಕೂತಾಗ ಅವನನ್ನು ಬಯ್ಯುತ್ತಿದ್ದಳು, ನಾವೆಲ್ಲ ಸೇರಿಕೊಂಡು ಬಯ್ಯುತ್ತಿದ್ದೆವು. ನಾನು ಯಾರನ್ನು ಬಯ್ಯಲಿ? ಡಾರ್ಲಾಳನ್ನೇ? ಟೋಪಿ ತೆಗೆದ ಪೊಲೀಸನನ್ನೇ? ಬಯ್ಯಲು ಒಂದು ಮುಖವಿಲ್ಲ, ಜೊತೆಗೆ ಕೂತು ಬಯ್ಯುವವರೂ ಇಲ್ಲ. ಶುಕ್ರವಾರ ಸಂಜೆ ತಣ್ಣಗಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ಒಬ್ಬಳೇ ಕೂತು ತಿಂದೆ.

ಹೊರಡುವ ಮೊದಲು ಇನ್ನೊಂದು ನಡೆಯಿತು. ಮೆಟ್ಟಿಲ ಬಳಿ ಗಾಡಿಗೆ ಕಾಯುತ್ತ ಕೂತಿದ್ದಾಗ ಕ್ವಿಯಾನಾ ಮತ ಹಾಕಿ ಹೊರಬಂದಳು. ಮತ ಹಾಕಿದವರಿಗೆ ಕೊಡುವ 'ನಾನು ಮತ ಹಾಕಿದೆ' ಎಂಬ ಅಂಟುಚೀಟಿಯನ್ನು ತನ್ನ ಅಂಗಿಯಿಂದ ಕಿತ್ತು ನನ್ನ ಕೋಟಿಗೆ ಅಂಟಿಸಿದಳು. "ಇದು ನಿಮ್ದು ಕಣಮ್ಮಾ. ನಂಗಿಂತ ಮುಂದೆ ಇದ್ದೋರು ನೀವು," ಎಂದಳು. ಅವಳ ಕೆನ್ನೆ ಸವರಿ ಕಳಿಸಿದೆ. ಮನೆಗೆ ಬಂದು ಅದನ್ನು ತೆಗೆದೆ. ಈ ಪತ್ರದ ಕೊನೆಗೆ ಅಂಟಿಸಿದ್ದೇನೆ. ಹಾಕದ ಮತದ ಚೀಟಿ ಧರಿಸಿ ಓಡಾಡುವವಳಲ್ಲ ನಾನು.

ಇವತ್ತು ಶನಿವಾರ, ಡಯಾಲಿಸಿಸ್ ಕುರ್ಚಿಯಲ್ಲಿ ಕೂತು, ಸೂಜಿ ಇಲ್ಲದ ಕೈಯಿಂದ ಇದನ್ನು ಬರೆಯುತ್ತಿದ್ದೇನೆ. ಸೋಮವಾರದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನನ್ನ ಬೇಡಿಕೆ ದೊಡ್ಡದಲ್ಲ. ಮಂಗಳವಾರ ನಾವೆಲ್ಲ ಅದೇ ಕಟ್ಟಡಕ್ಕೇ ಬರಬೇಕು. ಗೋಡೆಗೆ ಒರಗಿಸಿರುವ ಆ ಮೇಜನ್ನು ಬಿಡಿಸಿಡಿ. ಅದರ ಹಿಂದೆ ಒಬ್ಬರನ್ನು ಕೂರಿಸಿ, ಯಾರೂ ಸಿಗದಿದ್ದರೆ ನೀವೇ ಕೂತುಕೊಳ್ಳಿ. ಸಾಲಿನಲ್ಲಿ ನಿಂತವರು ಒಬ್ಬರ ಜಾಗ ಇನ್ನೊಬ್ಬರು ಹಿಡಿಯಬಾರದೆಂಬ ಸುತ್ತೋಲೆಯನ್ನು ಹರಿದುಹಾಕಿ.

ಮಂಗಳವಾರ ಬರಬೇಡ ಎಂದು ವ್ಯಾನಿನವನಿಗೆ ಈಗಷ್ಟೇ ಹೇಳಿದೆ. ಶನಿವಾರದಿಂದ ಮಂಗಳವಾರಕ್ಕೇ ಅಂತರ ಹೆಚ್ಚು, ಅದರ ಮೇಲೆ ಒಂದು ದಿನವೂ ತಪ್ಪಿಸಬಾರದೆಂದು ಇಲ್ಲಿಯ ನರ್ಸಮ್ಮ ಕೂಗಾಡುತ್ತಿದ್ದಾಳೆ. ಬುಧವಾರ ಕುರ್ಚಿ ಖಾಲಿ ಇಲ್ಲವಂತೆ. ಮತ ಬೇಗ ಮುಗಿದರೆ ಮಧ್ಯಾಹ್ನ ಹನ್ನೆರಡರೊಳಗೆ ಹೇಗಾದರೂ ಬಾ, ನಿನ್ನ ಕುರ್ಚಿ ಹಿಡಿದಿಟ್ಟಿರುತ್ತೇನೆ ಎಂದಿದ್ದಾಳೆ. ಆದ್ದರಿಂದ ಸಾಲು ಎಷ್ಟು ಉದ್ದ ಎಂಬುದು ನನಗೆ ಈ ಸಲ ಉತ್ಸಾಹದ ಮಾತಲ್ಲ.

ಮನೆಯಿಂದ ಹೊರಡುವಾಗ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಹೇಳಿ ಹೋಗುವುದು ನನ್ನ ರೂಢಿ. ಲೆಮ್ ಅಡುಗೆಮನೆಯಿಂದಲೇ ಹೂಂ ಎನ್ನುತ್ತಿದ್ದ. ಈಗ ಹೇಳಲು ಯಾರೂ ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. ಮಂಗಳವಾರ ಬೆಳಿಗ್ಗೆ ಏಳಕ್ಕೆ ನಾನು ನಿಮ್ಮ ಸಾಲಿನಲ್ಲಿರುತ್ತೇನೆ, ನೀಲಿ ಹ್ಯಾಟು ಹಾಕಿಕೊಂಡಿರುತ್ತೇನೆ. ಯಾವಾಗ ಬರುತ್ತೇನೆ ಎಂಬುದನ್ನು ನೀವೇ ಹೇಳಬೇಕು.

ಇಂತಿ,
ನಿಮ್ಮ ಸಾಲಿನಲ್ಲಿ ಕೊನೆಯವಳಾಗಿಯೂ ನಿಲ್ಲಲಾಗದೆ ಹೋದ,
ಅರ್ನೆಸ್ಟೀನ್ ಟಾರ್ವರ್
(ಫಾರಮ್ಮಿನಲ್ಲಿ ಬರೆದಂತೆ: ಕೊಟ್ಟ ಆಹಾರದ ಪ್ರಮಾಣ, ಒಂದು)